ರೋಯಿಂಗ್ ಯಂತ್ರ: ಕಾರ್ಡಿಯೊ ಲೆಕ್ಕಕ್ಕೆ ಸಲ್ಲುತ್ತದೆ, ಬಲವರ್ಧನೆಯ ಲೆಕ್ಕಕ್ಕೆ ಸಲ್ಲದು

ಮಾನ್ಯ ಸಂಪಾದಕರೇ,

ತಮ್ಮ ಪತ್ರಿಕೆಯ ಆರೋಗ್ಯ ಪುರವಣಿಯಲ್ಲಿ ಈಚೆಗೆ ಜಿಮ್ ಉಪಕರಣಗಳನ್ನು ಪರಿಚಯಿಸುವ ಲೇಖನವೊಂದು ಪ್ರಕಟವಾಗಿತ್ತು. ಅದರಲ್ಲಿ, ದೋಣಿಗೆ ಹುಟ್ಟು ಹಾಕುವಂತೆ ಕುಳಿತು ಎಳೆಯುವ ರೋಯಿಂಗ್ ಯಂತ್ರದ ಬಗ್ಗೆ ಬರೆಯುತ್ತಾ, ಕಾರ್ಡಿಯೊ (ಹೃದಯ, ಶ್ವಾಸಕೋಶಗಳ ವ್ಯಾಯಾಮ) ಮತ್ತು ಸ್ಟ್ರೆಂತ್ ಟ್ರೈನಿಂಗ್ (ಸ್ನಾಯುಗಳ ಬಲವರ್ಧಕ ವ್ಯಾಯಾಮ) ಎರಡೂ ಇದೊಂದರಲ್ಲೇ ಮುಗಿಯುತ್ತವೆ, ಇದನ್ನು ಮಾಡುವವರು ಬೇರೆಯಾಗಿ ತೂಕ ಎತ್ತಬೇಕಾಗಿಲ್ಲ ಎಂಬ ಅರ್ಥದ ಮಾತು ಬಂದಿತ್ತು. ಲೇಖನದ ಉಳಿದ ಭಾಗ ಉಪಯುಕ್ತವಾಗಿಯೇ ಇತ್ತು. ಆದರೆ ಈ ಒಂದು ಮಾತನ್ನು ನಂಬಿ, ನಲವತ್ತೋ ಐವತ್ತೋ ದಾಟಿದ ಓದುಗರು ಡಂಬೆಲ್‌ಗಳನ್ನು ಕೆಳಗಿಟ್ಟುಬಿಟ್ಟರೆ ಅವರಿಗಾಗುವ ನಷ್ಟ ಸಣ್ಣದಲ್ಲ. ಕಾಲೇಜಿನಲ್ಲಿ ದೈಹಿಕ ಶಿಕ್ಷಣ ನಿರ್ದೇಶಕಿಯಾಗಿದ್ದು ನಿವೃತ್ತಳಾದ ನಾನು, ಈಗ ನಮ್ಮ ಬಡಾವಣೆಯ ಹಿರಿಯರಿಗೆ ವ್ಯಾಯಾಮ ಹೇಳಿಕೊಡುತ್ತಿದ್ದೇನೆ. ಇದೇ ಪ್ರಶ್ನೆ ನನ್ನ ಮುಂದೆ ಮತ್ತೆ ಮತ್ತೆ ಬರುತ್ತಿರುವುದರಿಂದ ತುಸು ವಿವರವಾಗಿಯೇ ಬರೆಯುತ್ತಿದ್ದೇನೆ. ಪತ್ರ ದೀರ್ಘವಾಗಿರುವುದಕ್ಕೆ ಕ್ಷಮೆಯಿರಲಿ.

ನನ್ನ ನಿಲುವನ್ನು ಮೊದಲೇ ಹೇಳಿಬಿಡುತ್ತೇನೆ. ನಮ್ಮ ಜಿಮ್‌ಗಳಲ್ಲಿ ಸಿಗುವ ಕಾರ್ಡಿಯೊ ಸಾಧನಗಳಲ್ಲಿ ರೋಯಿಂಗ್ ಯಂತ್ರಕ್ಕೆ ಮೇಲಿನ ಸಾಲಿನಲ್ಲೇ ಸ್ಥಾನವಿದೆ. ಅದರ ಮೇಲೆ ಕಳೆದ ಪ್ರತಿ ನಿಮಿಷವನ್ನೂ ಹೃದಯ ಮತ್ತು ಶ್ವಾಸಕೋಶಗಳ ವ್ಯಾಯಾಮದ ಖಾತೆಗೆ ಧೈರ್ಯವಾಗಿ ಜಮಾ ಮಾಡಬಹುದು. ಆದರೆ ಆರಂಭದ ಕೆಲವು ವಾರಗಳನ್ನು ಬಿಟ್ಟರೆ, ಅದನ್ನು ಬಲವರ್ಧಕ ವ್ಯಾಯಾಮದ ಖಾತೆಗೆ ಬರೆಯಲಾಗದು. ಎರಡೂ ಹೌದು ಎನ್ನುವ ಉತ್ತರ ಕೇಳುವುದಕ್ಕೆ ಹಿತವಾಗಿದೆ. ವಾರದ ವ್ಯಾಯಾಮವನ್ನು ಕೂಡಿ ಲೆಕ್ಕ ಹಾಕುವಾಗ ಮಾತ್ರ ಅದು ದಾರಿ ತಪ್ಪಿಸುತ್ತದೆ.

ಇಂಥದೊಂದು ಲೆಕ್ಕ ಏಕೆ ಬೇಕು ಎಂದು ಕೆಲವರು ಕೇಳಬಹುದು. ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಪ್ರಕಟಿಸಿದ ಮಾರ್ಗಸೂಚಿಯ ಪ್ರಕಾರ, 18ರಿಂದ 64 ವರ್ಷದೊಳಗಿನವರು ವಾರಕ್ಕೆ 150ರಿಂದ 300 ನಿಮಿಷ ಮಧ್ಯಮ ಶ್ರಮದ, ಇಲ್ಲವೇ 75ರಿಂದ 150 ನಿಮಿಷ ತೀವ್ರ ಶ್ರಮದ ಏರೋಬಿಕ್, ಅಂದರೆ ಕಾರ್ಡಿಯೊ ಬಗೆಯ, ಚಟುವಟಿಕೆ ನಡೆಸಬೇಕು; ಅದರ ಜೊತೆಗೆ ವಾರದಲ್ಲಿ ಎರಡು ದಿನವಾದರೂ ದೇಹದ ಎಲ್ಲ ಪ್ರಮುಖ ಸ್ನಾಯು ಸಮೂಹಗಳನ್ನು ಬಲಪಡಿಸುವ ವ್ಯಾಯಾಮ ಮಾಡಬೇಕು. 65 ದಾಟಿದವರಿಗೆ ಇವೆರಡರ ಮೇಲೆ, ಬೀಳದಂತೆ ಕಾಪಾಡುವ ಸಮತೋಲನದ ಮತ್ತು ಬಲದ ಅಭ್ಯಾಸವನ್ನು ವಾರಕ್ಕೆ ಮೂರು ದಿನ ಹೇಳಲಾಗಿದೆ. ಎರಡು ಬಗೆಯ ವ್ಯಾಯಾಮಗಳನ್ನು ಬೇರೆ ಬೇರೆಯಾಗಿ ನಮೂದಿಸಿರುವುದಕ್ಕೆ ಕಾರಣವಿದೆ. ಅವು ದೇಹದಲ್ಲಿ ತರುವ ಬದಲಾವಣೆಗಳು ಬೇರೆ, ಒಂದರ ಕೊರತೆಯನ್ನು ಇನ್ನೊಂದು ತುಂಬಿಕೊಡುವುದಿಲ್ಲ.

ಯಂತ್ರ ಹೇಗೆ ಕೆಲಸ ಮಾಡುತ್ತದೆ ಎಂದು ನೋಡಿದರೆ ಉತ್ತರದ ಅರ್ಧ ಭಾಗ ಅಲ್ಲೇ ಸಿಗುತ್ತದೆ. ಇಂದು ರೋಯಿಂಗ್ ತಂಡಗಳೂ ಜಿಮ್‌ಗಳೂ ಹೆಚ್ಚಾಗಿ ಬಳಸುವುದು ಗಾಳಿಚಕ್ರದ ಯಂತ್ರವನ್ನು; ಹಿಡಿಯನ್ನು ಎಳೆದಾಗ ಫ್ಯಾನಿನಂಥ ಚಕ್ರ ತಿರುಗಿ, ಗಾಳಿಯೇ ಅದಕ್ಕೆ ತಡೆಯೊಡ್ಡುತ್ತದೆ. ಅಮೆರಿಕದ ವರ್ಮಾಂಟ್ ರಾಜ್ಯದಲ್ಲಿ ದೋಣಿಯ ಹುಟ್ಟುಗಳನ್ನು ತಯಾರಿಸುತ್ತಿದ್ದ ಡ್ರೈಸಿಗಾಕರ್ ಸಹೋದರರು 1981ರಲ್ಲಿ ಸೈಕಲ್ ಚಕ್ರವೊಂದನ್ನು ಬಳಸಿ ತಮ್ಮ ಕಾನ್ಸೆಪ್ಟ್2 ಕಂಪನಿಯ ಮೊದಲ ಯಂತ್ರವನ್ನು ಹೊರತಂದರು. ಚಳಿಗಾಲದಲ್ಲಿ ನದಿ ಹೆಪ್ಪುಗಟ್ಟಿದಾಗ ದೋಣಿ ಸ್ಪರ್ಧಿಗಳಿಗೆ ಒಳಾಂಗಣದಲ್ಲಿ ಅಭ್ಯಾಸ ಸಿಗಲಿ ಎಂಬುದು ಇಂಥ ಯಂತ್ರಗಳ ಉದ್ದೇಶ. ಜಾರುವ ಪೀಠದ ಮೇಲೆ ಮಂಡಿ ಮಡಚಿ ಕುಳಿತು, ಪಾದಗಳನ್ನು ಪಟ್ಟಿಯಲ್ಲಿ ಬಿಗಿದು, ಮೊದಲು ಕಾಲುಗಳಿಂದ ಒತ್ತಬೇಕು. ಕಾಲು ನೇರವಾಗುತ್ತಾ ಬಂದಂತೆ ಸೊಂಟದಿಂದ ಬೆನ್ನು ಹಿಂದಕ್ಕೆ ವಾಲುತ್ತದೆ, ಕೊನೆಯಲ್ಲಿ ಕೈಗಳು ಹಿಡಿಯನ್ನು ಪಕ್ಕೆಲುಬುಗಳ ಕೆಳಭಾಗಕ್ಕೆ ಎಳೆದುಕೊಳ್ಳುತ್ತವೆ. ಮರಳುವಾಗ ಇದೇ ಕ್ರಮ ತಿರುವುಮುರುವು: ಕೈ, ಬೆನ್ನು, ಕಾಲು. ಕೆಲಸದ ಹೆಚ್ಚಿನ ಪಾಲು ಕಾಲುಗಳದ್ದು. ತೋಳಿನ ಯಂತ್ರ ಎಂದುಕೊಂಡು ಕೂತವರಿಗೆ ಮೊದಲ ದಿನವೇ ಇದು ತಿಳಿಯುತ್ತದೆ.

ಈ ಯಂತ್ರದಲ್ಲಿ ಭಾರವನ್ನು ಮೊದಲೇ ಇಟ್ಟಿರುವುದಿಲ್ಲ ಎಂಬುದು ಗಮನಿಸಬೇಕಾದ ಸಂಗತಿ. ಬಾರ್ಬೆಲ್‌ಗೆ 40 ಕಿಲೊ ಹಾಕಿದರೆ, ನಿಧಾನವಾಗಿ ಎತ್ತಲಿ ಬೇಗ ಎತ್ತಲಿ, ಎತ್ತಬೇಕಾದದ್ದು ಆ 40 ಕಿಲೊವನ್ನೇ. ಗಾಳಿಚಕ್ರವಾದರೋ ಎಳೆಯುವವರ ವೇಗಕ್ಕೆ ತಕ್ಕಂತೆ ಎದುರು ನಿಲ್ಲುತ್ತದೆ. ಮೆಲ್ಲಗೆ ಎಳೆದರೆ ಅದು ಸುಮ್ಮನೆ ಬಿಟ್ಟುಕೊಡುತ್ತದೆ. ಯಂತ್ರದ ಪರದೆಯಲ್ಲಿ ಕಾಣುವ ವೇಗಕ್ಕೂ ವಾಟ್‌ಗಳಿಗೂ (ಎಳೆಯುವವರು ಹಾಕುವ ಶಕ್ತಿಯ ಅಳತೆ) ಇರುವ ಸಂಬಂಧ ಘನದ್ದು, ಅಂದರೆ ವೇಗ ಎರಡು ಪಟ್ಟಾಗಬೇಕಾದರೆ ವಾಟ್‌ಗಳು ಎಂಟು ಪಟ್ಟಾಗಬೇಕು. ಪರದೆಯ ಮೇಲೆ 500 ಮೀಟರಿಗೆ ಎರಡೂವರೆ ನಿಮಿಷ ಎಂದು ತೋರಿಸುತ್ತಿದ್ದರೆ ಎಳೆಯುವವರು ಸುಮಾರು 104 ವಾಟ್ ಉತ್ಪಾದಿಸುತ್ತಿರುತ್ತಾರೆ. ಅದನ್ನು ಎರಡು ನಿಮಿಷಕ್ಕೆ ಇಳಿಸಲು 203 ವಾಟ್, ಅಂದರೆ ಹತ್ತಿರ ಹತ್ತಿರ ಇಮ್ಮಡಿ ಬೇಕು.

ಈಗ ಕಾರ್ಡಿಯೊ ವಿಚಾರ. ದೈಹಿಕ ಚಟುವಟಿಕೆಗಳ ಶ್ರಮವನ್ನು ಅಳೆಯಲು ಸಂಶೋಧಕರು ಬಳಸುವ ಪಟ್ಟಿಯ 2011ರ ಆವೃತ್ತಿಯಲ್ಲಿ 100 ವಾಟ್‌ಗಳ ರೋಯಿಂಗ್‌ಗೆ 7 ಮೆಟ್ ಎಂದು ನಮೂದಾಗಿದೆ. ಸುಮ್ಮನೆ ಕುಳಿತಿರುವಾಗ ದೇಹ ವ್ಯಯಿಸುವ ಶಕ್ತಿಗಿಂತ ಇದು ಏಳು ಪಟ್ಟು. 6 ಮೆಟ್ ಮುಟ್ಟಿದ ಚಟುವಟಿಕೆಯನ್ನು ತೀವ್ರ ಶ್ರಮದ್ದು ಎಂದು ಪರಿಗಣಿಸುತ್ತಾರೆ. ಆದ್ದರಿಂದ 500 ಮೀಟರಿಗೆ ಎರಡೂವರೆ ನಿಮಿಷದ ವೇಗದಲ್ಲಿ, ಅಂದರೆ ಕೆಲವು ತಿಂಗಳು ಅಭ್ಯಾಸ ಮಾಡಿದ ಅನೇಕರು ಮುಟ್ಟಬಲ್ಲ ವೇಗದಲ್ಲಿ, ವಾರಕ್ಕೆ ಮೂರು ಸಲ 25 ನಿಮಿಷ ಎಳೆದರೆ ವಿಶ್ವ ಆರೋಗ್ಯ ಸಂಸ್ಥೆ ಹೇಳಿದ 75 ನಿಮಿಷಗಳ ಕನಿಷ್ಠ ಮಿತಿ ಪೂರ್ತಿಯಾಗುತ್ತದೆ. ಅದೂ ಕಾಲು, ಬೆನ್ನು, ತೋಳುಗಳ ದೊಡ್ಡ ಸ್ನಾಯುಗಳೆಲ್ಲ ಒಟ್ಟಿಗೆ ಆಮ್ಲಜನಕ ಬೇಡುವಂತೆ, ಆದರೆ ಮಂಡಿಗಳ ಮೇಲೆ ಓಟದ ಹೊಡೆತ ಬೀಳದಂತೆ. ಮಂಡಿ ನೋವಿನಿಂದ ಟ್ರೆಡ್‌ಮಿಲ್ ಬಿಟ್ಟವರಿಗೆ ಇದು ಎಂಥ ವರವೆಂಬುದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಈ ಯಂತ್ರದ ಬಗ್ಗೆ ನನಗಿರುವ ಗೌರವಕ್ಕೆ ಯಾವ ಕೊರತೆಯೂ ಇಲ್ಲ.

ಆದರೆ ಬಲದ ಲೆಕ್ಕಕ್ಕೆ ಬಂದಾಗ ಅದೇ ಅಂಕಿಗಳು ಬೇರೆ ಕಥೆ ಹೇಳುತ್ತವೆ. 104 ವಾಟ್‌ಗಳಲ್ಲಿ, ನಿಮಿಷಕ್ಕೆ 22 ಬಾರಿ ಎಳೆಯುತ್ತಿದ್ದಾರೆ ಎಂದುಕೊಳ್ಳೋಣ. ಪ್ರತಿ ಎಳೆತಕ್ಕೆ ಸುಮಾರು 283 ಜೂಲ್ ಶಕ್ತಿ ವ್ಯಯವಾಗುತ್ತದೆ. ಹಿಡಿ ಸುಮಾರು 1.2 ಮೀಟರ್ ದೂರ ಚಲಿಸುತ್ತದೆ ಎಂದಿಟ್ಟುಕೊಂಡರೆ, ಎಳೆತದ ಸರಾಸರಿ ಬಲ 24 ಕಿಲೊ ಭಾರವನ್ನು ಎತ್ತಿದಷ್ಟು. ಎಳೆತದ ನಡುವೆ ಬಲ ಇದಕ್ಕಿಂತ ಮೇಲೇರಿ ಇಳಿಯುತ್ತದೆ, ನಿಜ. ಆದರೂ ಹೋಲಿಸಿ ನೋಡಿ: 60 ಕಿಲೊ ತೂಕದ ವ್ಯಕ್ತಿ ಕುರ್ಚಿಯಿಂದ ಕೈ ಊರದೆ ಎದ್ದು ನಿಲ್ಲುವಾಗ, ಮಂಡಿಯಿಂದ ಕೆಳಗಿನ ಭಾಗವನ್ನು ಕಳೆದರೂ, ಅವರ ಕಾಲುಗಳು 50 ಕಿಲೊಗಿಂತ ಹೆಚ್ಚು ಭಾರವನ್ನು ಮೇಲಕ್ಕೆತ್ತುತ್ತವೆ. ಅಂದರೆ 20 ನಿಮಿಷದ ರೋಯಿಂಗ್‌ನಲ್ಲಿ ಕಾಲುಗಳು ಮಾಡುವುದು, ಕುರ್ಚಿಯಿಂದ ಒಮ್ಮೆ ಏಳುವುದಕ್ಕಿಂತ ಎಷ್ಟೋ ಹಗುರವಾದ ಕೆಲಸವನ್ನು, 440 ಬಾರಿ. ನಿಮಿಷಕ್ಕೆ ಅದೇ 22 ಎಳೆತಗಳಲ್ಲಿ 203 ವಾಟ್ ಮುಟ್ಟಿದವರಲ್ಲೂ ಈ ಸರಾಸರಿ ಬಲ 47 ಕಿಲೊದ ಆಸುಪಾಸಿನಲ್ಲೇ ನಿಲ್ಲುತ್ತದೆ.

ಸ್ನಾಯುವಿನ ಬಲ ಬೆಳೆಯುವುದು ಇದಕ್ಕೆ ತೀರ ಬೇರೆಯಾದ ದಾರಿಯಲ್ಲಿ. ಅಮೆರಿಕನ್ ಕಾಲೇಜ್ ಆಫ್ ಸ್ಪೋರ್ಟ್ಸ್ ಮೆಡಿಸಿನ್ ಹೊಸಬರಿಗೆ ಹೇಳಿರುವುದು, ಒಮ್ಮೆ ಎತ್ತಬಲ್ಲ ಗರಿಷ್ಠ ಭಾರದ ಶೇ 60ರಿಂದ 70ರಷ್ಟನ್ನು 8ರಿಂದ 12 ಬಾರಿ ಎತ್ತಬೇಕೆಂದು; ಅದು ಸುಲಭವಾದ ಕೂಡಲೇ ಭಾರವನ್ನು ಏರಿಸಬೇಕೆಂದು. ಹನ್ನೆರಡನೆಯ ಸಲಕ್ಕೆ ಇನ್ನು ಒಂದೆರಡು ಮಾತ್ರ ಸಾಧ್ಯ ಎನ್ನಿಸುವಂತಿದ್ದರೆ, ಸ್ನಾಯುವಿನೊಳಗೆ ಬಲ ಹುಟ್ಟಿಸುವ ದೊಡ್ಡ ತಂತುಗಳೆಲ್ಲ ಕೆಲಸಕ್ಕೆ ಬಂದಿವೆ ಎಂದರ್ಥ. ಹಗುರ ಭಾರದಿಂದಲೂ ಸ್ನಾಯು ಬೆಳೆಸಬಹುದು ಎಂಬುದು ಈಗ ಒಪ್ಪಿತ ಮಾತೇ. ಆದರೆ ಅದಕ್ಕೆ ಆ ಸ್ನಾಯು ಹೆಚ್ಚುಕಡಿಮೆ ಇನ್ನೊಂದು ಸಲವೂ ಎತ್ತಲಾಗದು ಎನ್ನುವವರೆಗೆ ಸೋಲಬೇಕು. ರೋಯಿಂಗ್‌ನಲ್ಲಿ ಮೊದಲು ಸೋಲುವುದು ಉಸಿರು. ತೊಡೆಯ ಸ್ನಾಯು ತನ್ನ ಕೊನೆಯ ಮಿತಿಯನ್ನು ಮುಟ್ಟುವ ಮೊದಲೇ ಏದುಸಿರು ನಮ್ಮನ್ನು ನಿಲ್ಲಿಸುತ್ತದೆ. ಕಾರ್ಡಿಯೊ ಎನ್ನುವುದಕ್ಕೆ ಇದಕ್ಕಿಂತ ಸ್ಪಷ್ಟ ಲಕ್ಷಣ ಬೇಕಿಲ್ಲ.

ಹಳೆಯ ಮೈಸೂರಿನ ಗರಡಿಮನೆಗಳಲ್ಲಿ ಸಾಮು ಮಾಡುತ್ತಿದ್ದವರಿಗೆ ಈ ವ್ಯತ್ಯಾಸ ಪುಸ್ತಕ ಓದದೆಯೇ ಗೊತ್ತಿತ್ತು. ದಂಡ, ಬಸ್ಕಿಗಳನ್ನು ನೂರರ ಲೆಕ್ಕದಲ್ಲಿ ಹೊಡೆದ ಪೈಲ್ವಾನರು ಅಷ್ಟಕ್ಕೇ ನಿಲ್ಲಿಸುತ್ತಿರಲಿಲ್ಲ. ಗದೆ ತಿರುಗಿಸುತ್ತಿದ್ದರು, ಕಲ್ಲಿನ ಗುಂಡು ಎತ್ತುತ್ತಿದ್ದರು. ಉತ್ತರ ಕರ್ನಾಟಕದ ಜಾತ್ರೆಗಳಲ್ಲಿ ಇಂದಿಗೂ ನಡೆಯುವ ಸಂಗ್ರಾಣಿ ಕಲ್ಲು ಎತ್ತುವ ಸ್ಪರ್ಧೆಯಲ್ಲಿ ಸಣ್ಣ ಕಲ್ಲನ್ನು ನಾನೂರು ಸಲ ಎತ್ತಿದವನಿಗೆ ಬಹುಮಾನವಿಲ್ಲ. ಭಾರ ಏರಬೇಕು, ಏರಿದ ಭಾರ ನೆಲ ಬಿಟ್ಟು ಮೇಲೆ ಬರಬೇಕು.

ಇಲ್ಲಿ ಡ್ಯಾಂಪರ್ ಎಂಬ ಭಾಗದ ಬಗ್ಗೆ ಒಂದು ಮಾತು ಹೇಳಲೇಬೇಕು, ಏಕೆಂದರೆ ಗೊಂದಲದ ದೊಡ್ಡ ಪಾಲು ಹುಟ್ಟುವುದು ಅಲ್ಲಿಂದಲೇ. ಗಾಳಿಚಕ್ರದ ಪಕ್ಕದಲ್ಲಿ 1ರಿಂದ 10ರವರೆಗೆ ಅಂಕಿಗಳಿರುವ ಸಣ್ಣ ಸನ್ನೆಯೊಂದಿರುತ್ತದೆ. ಹೊಸದಾಗಿ ಬಂದವರು ಕುಳಿತ ತಕ್ಷಣ ಅದನ್ನು 10ಕ್ಕೆ ತಳ್ಳುತ್ತಾರೆ. ಪಕ್ಕದಲ್ಲಿ ನಿಂತ ತರಬೇತುದಾರರು, ಹತ್ತಕ್ಕೆ ಹಾಕಿದರೆ ವೇಟ್ ಟ್ರೈನಿಂಗ್, ಮೂರಕ್ಕೆ ಹಾಕಿದರೆ ಕಾರ್ಡಿಯೊ ಎಂದು ಹೇಳಿಕೊಡುವುದನ್ನೂ ನಾನು ಕೇಳಿದ್ದೇನೆ. ಆ ಸನ್ನೆ ಮಾಡುವ ಕೆಲಸವಿಷ್ಟೇ: ಚಕ್ರದ ಗೂಡಿನೊಳಗೆ ಎಷ್ಟು ಗಾಳಿ ನುಗ್ಗಬೇಕು ಎಂಬುದನ್ನು ನಿರ್ಧರಿಸುವುದು. ಹೆಚ್ಚು ಗಾಳಿ ಬಂದರೆ ಎರಡು ಎಳೆತಗಳ ನಡುವೆ ಚಕ್ರ ಬೇಗ ನಿಧಾನವಾಗುತ್ತದೆ, ಮುಂದಿನ ಎಳೆತದ ಆರಂಭ ಜಡವಾಗಿ ತೋರುತ್ತದೆ. ಭಾರವಾದ ದೋಣಿಯನ್ನು ನಡೆಸಿದಂಥ ಅನುಭವವಾಗಬಹುದು, ಆದರೆ ಪರದೆಯ ಮೇಲಿನ ವಾಟ್‌ಗಳು ಸನ್ನೆ ತಳ್ಳಿದ ಮಾತ್ರಕ್ಕೆ ಏರುವುದಿಲ್ಲ. ನುರಿತ ಸ್ಪರ್ಧಿಗಳೇ ಬಹುಮಟ್ಟಿಗೆ 3ರಿಂದ 5ರ ನಡುವೆ ಇಟ್ಟು ಅಭ್ಯಾಸ ಮಾಡುತ್ತಾರೆ. ಬೆನ್ನನ್ನು ಗೂನು ಮಾಡಿಕೊಂಡು 10ರಲ್ಲಿ ಎಳೆಯುವ ಹೊಸಬರಿಗೆ ಬಲ ಬರುವ ಮೊದಲು ಸೊಂಟ ನೋವು ಬರುತ್ತದೆ.

ನನ್ನ ವಾದಕ್ಕೆ ಎದುರಾಗಿ ಹೇಳಬಹುದಾದ ಮಾತುಗಳನ್ನೂ ಎತ್ತಿಕೊಳ್ಳಬೇಕು. ಕ್ರೀಡಾಪಟುಗಳ ಹೃದಯದ ಬಗ್ಗೆ ಅಮೆರಿಕದ ಹೃದ್ರೋಗ ತಜ್ಞರು 2005ರಲ್ಲಿ ರೂಪಿಸಿದ ಪ್ರಸಿದ್ಧ ವರ್ಗೀಕರಣದಲ್ಲಿ, ಚಲನೆಯ ಶ್ರಮವೂ ಹೆಚ್ಚು, ಬಿಗಿತದ (ಭಾರಕ್ಕೆ ಎದುರಾಗಿ ಸ್ನಾಯುಗಳನ್ನು ಬಿಗಿಹಿಡಿಯುವ) ಶ್ರಮವೂ ಹೆಚ್ಚು ಎನ್ನುವ ಕಟ್ಟಕಡೆಯ ಚೌಕದಲ್ಲಿ ರೋಯಿಂಗ್ ಇದೆ. ಬಾಕ್ಸಿಂಗ್, ಸೈಕ್ಲಿಂಗ್, ಡೆಕಾಥ್ಲಾನ್‌ಗಳು ಅದರ ನೆರೆಯವು. ಎರಡೂ ಹೌದು ಎನ್ನುವವರಿಗೆ ಇದು ಬಲವಾದ ಆಧಾರ ಎನ್ನಿಸಬಹುದು. ಆದರೆ ಆ ಪಟ್ಟಿ ಹೇಳುವುದು, ಸ್ಪರ್ಧೆಯಲ್ಲಿ ಪೂರ್ಣ ಶ್ರಮ ಹಾಕಿದಾಗ ಹೃದಯದ ಮೇಲೆ ಯಾವ ಬಗೆಯ ಒತ್ತಡ ಬೀಳುತ್ತದೆ ಎಂಬುದನ್ನು. ಅದೇ ಚೌಕದಲ್ಲಿ ಸೈಕ್ಲಿಂಗ್ ಇದೆ ಎಂದಮಾತ್ರಕ್ಕೆ ಸೈಕಲ್ ತುಳಿದವರು ತೂಕ ಎತ್ತಬೇಕಾಗಿಲ್ಲ ಎಂದು ಯಾರೂ ಹೇಳುವುದಿಲ್ಲವಲ್ಲ.

ರೋಯಿಂಗ್ ಪಟುಗಳ ವಿಶಾಲ ಬೆನ್ನು, ಕಡೆದಿಟ್ಟಂಥ ತೊಡೆಗಳನ್ನು ತೋರಿಸಿ, ಇದೆಲ್ಲ ಎಲ್ಲಿಂದ ಬಂತು ಎಂದು ಕೇಳುವವರೂ ಇದ್ದಾರೆ. 2010ರ ಗ್ವಾಂಗ್‌ಝೌ ಏಷ್ಯನ್ ಕ್ರೀಡಾಕೂಟದಲ್ಲಿ ಬಜರಂಗ್ ಲಾಲ್ ತಾಖರ್ ಒಬ್ಬರೇ ನಡೆಸುವ ದೋಣಿಯಲ್ಲಿ ಚಿನ್ನ ಗೆದ್ದು ರೋಯಿಂಗ್‌ನಲ್ಲಿ ಭಾರತಕ್ಕೆ ಮೊದಲ ಏಷ್ಯನ್ ಚಿನ್ನ ತಂದುಕೊಟ್ಟರು. 2023ರಲ್ಲಿ ನಡೆದ ಹಾಂಗ್‌ಝೌ ಕೂಟದಲ್ಲಿ ನಮ್ಮವರು ಐದು ಪದಕ ಗೆದ್ದರು. ಅಲ್ಲಿನ ಸ್ಪರ್ಧೆಯ ದೂರ 2000 ಮೀಟರ್. ಆ ಆರೇಳು ನಿಮಿಷಗಳಲ್ಲಿ ವ್ಯಯವಾಗುವ ಶಕ್ತಿಯ ಸುಮಾರು ಮುಕ್ಕಾಲು ಪಾಲು ಆಮ್ಲಜನಕದ ದಾರಿಯಿಂದಲೇ ಬರುತ್ತದೆ ಎಂಬುದು ಕ್ರೀಡಾ ಶರೀರಶಾಸ್ತ್ರದಲ್ಲಿ ಹಿಂದಿನಿಂದಲೂ ತಿಳಿದ ವಿಷಯ. ಇನ್ನು ಆ ತೊಡೆ, ಆ ಬೆನ್ನು? ಉನ್ನತ ಮಟ್ಟದ ತಂಡಗಳು ಸಾಮಾನ್ಯವಾಗಿ ದೋಣಿ ಅಭ್ಯಾಸದ ಜೊತೆಗೆ ತೂಕದ ಕೋಣೆಯಲ್ಲಿ ಸ್ಕ್ವಾಟ್, ಡೆಡ್‌ಲಿಫ್ಟ್, ಬೆಂಚ್ ಪುಲ್ ಮಾಡಿಸುತ್ತವೆ. ವಾರಕ್ಕೆ ನೂರಕ್ಕೂ ಹೆಚ್ಚು ಕಿಲೊಮೀಟರ್ ಹುಟ್ಟು ಹಾಕುವವರಿಗೇ ಬೇರೆಯಾಗಿ ಬಾರ್ಬೆಲ್ ಬೇಕಾಗುತ್ತದೆ ಎಂದಮೇಲೆ, ವಾರಕ್ಕೆ ಮೂರು ಸಲ ಅರ್ಧ ಗಂಟೆ ಎಳೆಯುವ ನಮಗೆ ಅದು ಬೇಡವೆನ್ನುವುದು ಹೇಗೆ?

ಯಂತ್ರ ದೇಹದ ಶೇ 86ರಷ್ಟು ಸ್ನಾಯುಗಳನ್ನು ಬಳಸುತ್ತದೆ ಎಂಬ ಅಂಕಿಯೊಂದು ಜಾಹೀರಾತುಗಳಲ್ಲಿ ಎಲ್ಲೆಡೆ ತಿರುಗುತ್ತಿದೆ. ಆ ಅಂಕಿ ಸರಿಯೇ ಎಂದುಕೊಂಡರೂ ಅದರಿಂದ ಬಲವರ್ಧನೆ ಸಾಬೀತಾಗುವುದಿಲ್ಲ. ನಡೆಯುವಾಗಲೂ ಹತ್ತಾರು ಸ್ನಾಯುಗಳು ಕೆಲಸ ಮಾಡುತ್ತವೆ. ಕೆಲಸ ಮಾಡುವುದಕ್ಕೂ ಬೆಳೆಯುವಷ್ಟು ಹೊರೆ ಹೊರುವುದಕ್ಕೂ ಅಂತರವಿದೆ. ಒಂದು ರಿಯಾಯಿತಿಯನ್ನು ಮಾತ್ರ ನಾನು ಪ್ರಾಮಾಣಿಕವಾಗಿ ಕೊಡಬೇಕು. ವರ್ಷಗಟ್ಟಲೆ ವ್ಯಾಯಾಮವನ್ನೇ ಕಾಣದ ದೇಹಕ್ಕೆ ಯಾವ ಹೊಸ ಶ್ರಮವೂ ಹೊರೆಯೇ. ಅಂಥವರಲ್ಲಿ ರೋಯಿಂಗ್ ಶುರು ಮಾಡಿದ ಮೊದಲ ಕೆಲವು ವಾರಗಳಲ್ಲಿ ತೊಡೆಗೂ ಬೆನ್ನಿಗೂ ನಿಜವಾಗಿ ಬಲ ಬರುತ್ತದೆ. ಆಮೇಲೆ ದೇಹ ಆ ಮಟ್ಟಕ್ಕೆ ಒಗ್ಗಿಕೊಂಡು, ಏರಿಕೆ ಅಲ್ಲಿಗೇ ನಿಂತುಬಿಡುತ್ತದೆ. ಎರಡೂ ಆಗುತ್ತವೆ ಎಂಬ ನಂಬಿಕೆ ಹಬ್ಬುವುದಕ್ಕೆ ಈ ಮೊದಲ ವಾರಗಳ ಅನುಭವವೇ ಕಾರಣವಿರಬೇಕು.

ಹೊರೆಯ ಪ್ರಮಾಣದಷ್ಟೇ ಮುಖ್ಯವಾದ ಇನ್ನೊಂದು ಕೊರತೆ ಈ ಯಂತ್ರದಲ್ಲಿದೆ. ಹಿಡಿಯನ್ನು ಎಳೆಯುವಾಗ ಸ್ನಾಯುವಿಗೆ ಪ್ರತಿರೋಧವಿರುತ್ತದೆ. ಮರಳಿ ಬಿಡುವಾಗ ಬಹುತೇಕ ಏನೂ ಇರುವುದಿಲ್ಲ, ಪೀಠ ತಾನಾಗಿ ಮುಂದಕ್ಕೆ ಜಾರುತ್ತದೆ. ಆದರೆ ಮೆಟ್ಟಿಲು ಇಳಿಯುವುದು, ಕುರ್ಚಿಯಲ್ಲಿ ಧೊಪ್ಪನೆ ಬೀಳದೆ ನಿಧಾನವಾಗಿ ಕುಳಿತುಕೊಳ್ಳುವುದು, ಮೊಮ್ಮಗುವನ್ನು ಮೆಲ್ಲನೆ ನೆಲಕ್ಕಿಳಿಸುವುದು, ಎಡವಿದಾಗ ಒಂದು ಹೆಜ್ಜೆ ಮುಂದಿಟ್ಟು ದೇಹವನ್ನು ತಡೆಹಿಡಿಯುವುದು – ಇವೆಲ್ಲವೂ ಸ್ನಾಯು ಉದ್ದವಾಗುತ್ತಲೇ ಭಾರವನ್ನು ತಡೆಯಬೇಕಾದ ಕೆಲಸಗಳು. ಇದರ ಅಭ್ಯಾಸ ರೋಯಿಂಗ್‌ನಲ್ಲಿ ಇಲ್ಲವೆಂದೇ ಹೇಳಬೇಕು. ಜೊತೆಗೆ ಅದು ಬರೀ ಎಳೆತದ ಚಲನೆ. ಎದೆ, ತೋಳಿನ ಹಿಂಭಾಗ, ಭುಜದ ಮುಂಭಾಗ ಇವುಗಳಿಗೆ ತಳ್ಳುವ ಕೆಲಸ ಅಲ್ಲಿ ಸಿಗುವುದಿಲ್ಲ. ಅಟ್ಟದ ಮೇಲಿಂದ ಡಬ್ಬಿ ಇಳಿಸುವಾಗ, ನೆಲಕ್ಕೆ ಕೈ ಊರಿ ಏಳುವಾಗ ಬೇಕಾಗುವುದು ಇವೇ ಸ್ನಾಯುಗಳು. ಕುಳಿತೇ ಮಾಡುವ ವ್ಯಾಯಾಮವಾದ್ದರಿಂದ ನಿಂತ ದೇಹದ ಸಮತೋಲನಕ್ಕೂ ಅದರಿಂದ ಪ್ರಯೋಜನ ಕಡಿಮೆ.

ನಮ್ಮ ಬಡಾವಣೆಯ ಗುಂಪಿಗೆ ಬರುವ, ಅರವತ್ತರ ಹತ್ತಿರದ ಗೃಹಿಣಿಯೊಬ್ಬರ ವಿಷಯ ಹೇಳುತ್ತೇನೆ. ಜಿಮ್ ಒಂದರಲ್ಲಿ ತೂಕ ಬೇಡ, ರೋಯಿಂಗ್ ಒಂದೇ ಸಾಕು ಎಂಬ ಸಲಹೆ ಪಡೆದು ಅವರು ಬಹಳ ಕಾಲ ಅದನ್ನೇ ನಿಷ್ಠೆಯಿಂದ ಮಾಡಿಕೊಂಡು ಬಂದಿದ್ದರು. ಅವರ ಎಳೆತ ನೋಡುವುದಕ್ಕೇ ಚೆಂದ: ಬೆನ್ನು ನೇರ, ಉಸಿರು ಹದವಾಗಿ, ಅರ್ಧ ಗಂಟೆ ಎಳೆದರೂ ಮುಖದಲ್ಲಿ ದಣಿವಿಲ್ಲ. ಅದೇ ಅವರು ದೇವರ ಮನೆಯಲ್ಲಿ ನೆಲದಿಂದ ಏಳಬೇಕಾದರೆ ಪಕ್ಕದ ಮಣೆಗೋ ಬಾಗಿಲ ಚೌಕಟ್ಟಿಗೋ ಕೈ ಕೊಡಬೇಕಾಗಿತ್ತು. ಕೈಗಳನ್ನು ಎದೆಗೆ ಕಟ್ಟಿಕೊಂಡು ಕುರ್ಚಿಯಿಂದ ಐದು ಬಾರಿ ಎದ್ದು ಕೂರುವ ಪರೀಕ್ಷೆ ಮಾಡಿಸಿದೆ. ವಯಸ್ಸಿನೊಂದಿಗೆ ಸ್ನಾಯು ಕರಗುವ ತೊಂದರೆಯ ಬಗ್ಗೆ ಏಷ್ಯಾದ ತಜ್ಞರ ತಂಡ 2019ರಲ್ಲಿ ಹೊರಡಿಸಿದ ಮಾನದಂಡದ ಪ್ರಕಾರ ಇದಕ್ಕೆ 12 ಸೆಕೆಂಡ್ ಅಥವಾ ಅದಕ್ಕಿಂತ ಹೆಚ್ಚು ಹಿಡಿದರೆ ಎಚ್ಚರ ವಹಿಸಬೇಕು. ಅವರಿಗೆ ಸ್ಪಷ್ಟವಾಗಿಯೇ ಹೆಚ್ಚು ಹಿಡಿಯಿತು, ನಾಲ್ಕನೆಯ ಸಲ ಏಳುವಾಗ ಮಂಡಿಗಳು ಒಳಕ್ಕೆ ವಾಲಿದವು. ರೋಯಿಂಗ್ ನಿಲ್ಲಿಸಬೇಡಿ ಎಂದೆ. ಅದರ ಜೊತೆಗೆ ಸ್ಟೂಲಿನ ಮೇಲೆ ಕುಳಿತೇಳುವ ಬಸ್ಕಿ, ಆಮೇಲೆ ಕೈಯಲ್ಲಿ ಡಂಬೆಲ್ ಹಿಡಿದ ಬಸ್ಕಿ, ಗೋಡೆಗೆ ದಂಡ ಶುರು ಮಾಡಿಸಿದೆ. ಕೆಲವು ತಿಂಗಳಲ್ಲಿ ಅವರು ನೆಲದಿಂದ ಆಸರೆಯಿಲ್ಲದೆ ಏಳತೊಡಗಿದರು. ಒಬ್ಬರ ಅನುಭವವನ್ನು ಸಂಶೋಧನೆಯ ಸ್ಥಾನದಲ್ಲಿ ನಿಲ್ಲಿಸುವ ಉದ್ದೇಶ ನನಗಿಲ್ಲ. ಅಂಕಿಗಳು ಹೇಳುವುದು ದೇಹದಲ್ಲಿ ಹೇಗೆ ಕಾಣುತ್ತದೆ ಎಂಬುದಕ್ಕಾಗಿ ಬರೆದೆ.

ಭಾರತೀಯರಾದ ನಮಗೆ ಇದು ಇನ್ನಷ್ಟು ಮುಖ್ಯ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಬೆಂಬಲದಲ್ಲಿ ನಡೆದು 2023ರಲ್ಲಿ ಪ್ರಕಟವಾದ ಅಧ್ಯಯನ ದೇಶದಲ್ಲಿ 10.1 ಕೋಟಿ ಮಧುಮೇಹಿಗಳಿದ್ದಾರೆ, ಇನ್ನೂ 13.6 ಕೋಟಿ ಜನ ಅದರ ಹೊಸ್ತಿಲಲ್ಲಿದ್ದಾರೆ ಎಂದು ಅಂದಾಜಿಸಿದೆ. ಊಟದ ನಂತರ ರಕ್ತದಲ್ಲಿ ಏರುವ ಸಕ್ಕರೆಯ ದೊಡ್ಡ ಪಾಲನ್ನು ಹೀರಿಕೊಳ್ಳಬೇಕಾದದ್ದು ಸ್ನಾಯು. ಒಂದೇ ಎತ್ತರ, ತೂಕದ ಐರೋಪ್ಯರಿಗೆ ಹೋಲಿಸಿದರೆ ನಮ್ಮಲ್ಲಿ ಸರಾಸರಿ ಸ್ನಾಯು ಕಡಿಮೆ, ಕೊಬ್ಬು ಹೆಚ್ಚು. ಆದ್ದರಿಂದಲೇ ದೇಹತೂಕ ಸೂಚ್ಯಂಕದ ಎಚ್ಚರಿಕೆಯ ಗಡಿಯನ್ನು ನಮಗೆ 25ರ ಬದಲು 23ಕ್ಕೆ ಇಳಿಸಿದ್ದಾರೆ. ಮೊದಲೇ ಕಡಿಮೆಯಿರುವ ಸ್ನಾಯು ವಯಸ್ಸಿನೊಂದಿಗೆ ಇನ್ನೂ ಕರಗುತ್ತದೆ, ಮುಟ್ಟು ನಿಂತ ಹೆಣ್ಣುಮಕ್ಕಳಲ್ಲಿ ಮೂಳೆಯೂ ಜೊತೆಗೆ ಸವೆಯುತ್ತದೆ. ಕಾರ್ಡಿಯೊ ಸಕ್ಕರೆಯನ್ನು ತಗ್ಗಿಸುತ್ತದೆ, ಹೃದಯವನ್ನು ಕಾಯುತ್ತದೆ. ಸ್ನಾಯು ಮತ್ತು ಮೂಳೆಯ ಈ ಸವೆತವನ್ನು ತಡೆಯಲು ಅದೊಂದೇ ಸಾಲದು. ಹೆಣ್ಣುಮಕ್ಕಳಿಗೆ ತೂಕ ಎತ್ತಬೇಡಿ, ಮೈ ಗಂಡಸರಂತೆ ಆಗುತ್ತದೆ ಎಂದು ಇಂದಿಗೂ ಹೇಳುವ ಜಿಮ್‌ಗಳಿವೆ. ಅಂಥ ಕಡೆ ರೋಯಿಂಗ್ ಯಂತ್ರ ತೂಕದ ಕೋಣೆಯಿಂದ ಅವರನ್ನು ದೂರವಿಡಲು ಒಂದು ಮರ್ಯಾದಸ್ಥ ನೆಪವಾಗುತ್ತಿದೆ. ಇದು ನನಗೆ ನಿಜವಾಗಿ ನೋವು ತರುವ ಸಂಗತಿ.

ಹಾಗಾದರೆ ವಾರವನ್ನು ಹೇಗೆ ಹಂಚಿಕೊಳ್ಳಬೇಕು? ಆರೋಗ್ಯವಂತ ಮಧ್ಯವಯಸ್ಕರಿಗೆ ನಾನು ಹೇಳುವುದು, ಮೂರು ದಿನ 25 ನಿಮಿಷ ರೋಯಿಂಗ್. ಅದರಲ್ಲಿ ಎರಡು ದಿನ ನಿಮಿಷಕ್ಕೆ 20ರಿಂದ 22 ಎಳೆತಗಳ ಸಮಗತಿ, ಒಂದು ದಿನ ಬೇಕಿದ್ದರೆ ಒಂದೊಂದು ನಿಮಿಷದ ಜೋರು ಎಳೆತಗಳನ್ನು ವಿಶ್ರಾಂತಿಯೊಂದಿಗೆ ಬೆರೆಸಬಹುದು. ಉಳಿದ ಎರಡು ದಿನ ಭಾರ: ಬಸ್ಕಿ, ಸೊಂಟದಿಂದ ಬಾಗಿ ನೆಲದ ಭಾರವನ್ನು ಎತ್ತುವುದು, ದಂಡ, ತಲೆಯ ಮೇಲಕ್ಕೆ ಡಂಬೆಲ್ ಎತ್ತುವುದು, ಮುಂಗಾಲ ಮೇಲೆ ನಿಂತು ಮೀನಖಂಡಕ್ಕೆ ಕೆಲಸ ಕೊಡುವುದು. ಪ್ರತಿಯೊಂದನ್ನೂ 8ರಿಂದ 12 ಬಾರಿ, ಎರಡು ಮೂರು ಸುತ್ತು. 12 ಸುಲಭವಾಯಿತೆಂದರೆ ಭಾರ ಏರಿಸುವುದು. ಎರಡನ್ನೂ ಒಂದೇ ದಿನ ಮಾಡಬೇಕಾಗಿ ಬಂದರೆ ಭಾರ ಮೊದಲು, ರೋಯಿಂಗ್ ನಂತರ. ದಣಿದ ಬೆನ್ನಿನಿಂದ ಭಾರ ಎತ್ತುವುದು ಒಳ್ಳೆಯದಲ್ಲ. ಜಿಮ್ ಇಲ್ಲದವರು ಮನೆಗೆ ಬರುವ 20 ಲೀಟರ್ ನೀರಿನ ಕ್ಯಾನನ್ನೇ ಭಾರವಾಗಿ ಬಳಸಬಹುದು, ಮೊದಲು ಅರ್ಧ ತುಂಬಿಸಿ. ರಕ್ತದೊತ್ತಡ, ಹೃದ್ರೋಗ, ಡಿಸ್ಕ್ ತೊಂದರೆ ಇರುವವರು ವೈದ್ಯರನ್ನು ಕೇಳಿಯೇ ಆರಂಭಿಸಬೇಕು. ಎಳೆಯುವಾಗಲಾಗಲಿ ಎತ್ತುವಾಗಲಾಗಲಿ ಉಸಿರು ಬಿಗಿಹಿಡಿಯಬಾರದು.

ನಗರಪಾಲಿಕೆಗಳ ಉದ್ಯಾನಗಳಲ್ಲಿರುವ ಓಪನ್ ಜಿಮ್‌ಗಳ ಬಗ್ಗೆಯೂ ಒಂದು ವಿನಂತಿ ಇದೆ. ಅಲ್ಲಿ ರೋವರ್ ಎಂಬ ಹೆಸರಿನ, ಸನ್ನೆಗಳನ್ನು ಎಳೆದರೆ ಕುಳಿತವರ ದೇಹವೇ ಮೇಲೇಳುವ ಕಬ್ಬಿಣದ ಸಾಧನ ಸಾಮಾನ್ಯವಾಗಿ ಇರುತ್ತದೆ. ಅದಕ್ಕೂ ಗಾಳಿಚಕ್ರದ ಯಂತ್ರಕ್ಕೂ ಹೆಸರೊಂದೇ ಸಮಾನ. ಅದರ ಭಾರವನ್ನು ಏರಿಸಲು ಬರುವುದಿಲ್ಲ, ಚಲನೆಯ ದೂರವೂ ಕಡಿಮೆ. ಮೈ ಸಡಿಲಿಸಲು ಅಡ್ಡಿಯಿಲ್ಲ, ಆದರೆ ಪಕ್ಕದ ಫಲಕದಲ್ಲಿ ಸ್ನಾಯು ಬಲವರ್ಧನೆಗೆ ಎಂದು ಬರೆಯುವುದಕ್ಕೆ ಬದಲು, ಪಕ್ಕದಲ್ಲೇ ದಂಡ ಹೊಡೆಯಲು ಬೇರೆ ಬೇರೆ ಎತ್ತರದ ಅಡ್ಡಕಂಬಿಗಳನ್ನೂ ಬಸ್ಕಿಗೆ ಒಂದು ಗಟ್ಟಿ ಬೆಂಚನ್ನೂ ಹಾಕಿಸಿದರೆ ಜನರಿಗೆ ಹೆಚ್ಚು ಉಪಕಾರವಾಗುತ್ತದೆ. ಇದಕ್ಕೆ ತಗಲುವ ಖರ್ಚೂ ಹೆಚ್ಚಿನದಲ್ಲ.

ತಮ್ಮಲ್ಲಿ ನನ್ನ ಕೋರಿಕೆ ಇಷ್ಟು. ಅದೇ ಪುರವಣಿಯಲ್ಲಿ, ಅದೇ ಲೇಖನದ ಜಾಗದಲ್ಲಿ, ರೋಯಿಂಗ್ ಮಾಡುವವರಿಗೂ ವಾರಕ್ಕೆ ಎರಡು ದಿನ ಪ್ರತ್ಯೇಕ ಬಲವರ್ಧಕ ವ್ಯಾಯಾಮ ಅಗತ್ಯ ಎಂಬ ಸ್ಪಷ್ಟೀಕರಣವನ್ನು ದಯವಿಟ್ಟು ಪ್ರಕಟಿಸಿ. ಸಾಧ್ಯವಾದರೆ, ಮನೆಯಲ್ಲೇ ಮಾಡಬಹುದಾದ ಬಸ್ಕಿ ಮತ್ತು ದಂಡಗಳನ್ನು ಹಿರಿಯರಿಗೆ ಹೊಂದುವಂತೆ ಹಂತಹಂತವಾಗಿ ತೋರಿಸುವ ಚಿತ್ರಸಹಿತ ಲೇಖನವೊಂದನ್ನು ಆ ಲೇಖಕರಿಂದಲೇ ಬರೆಸಿ. ಚಿತ್ರಗಳಲ್ಲಿ ಇಪ್ಪತ್ತರ ಹುಡುಗರ ಜೊತೆಗೆ ಸೀರೆಯನ್ನೋ ಚೂಡಿದಾರವನ್ನೋ ಉಟ್ಟ ಅರವತ್ತರ ಹೆಂಗಸರೂ ಇರಲಿ ಎಂಬುದು ನನ್ನ ವಿಶೇಷ ಮನವಿ.

ಇತಿ ತಮ್ಮ ವಿಶ್ವಾಸಿ,
ನಿವೃತ್ತ ದೈಹಿಕ ಶಿಕ್ಷಣ ನಿರ್ದೇಶಕಿ,
ಮೈಸೂರು